ಆಂಟಿಯ ಫೈಲು

ಹನ್ನೊಂದನೇ ತಾರೀಖು, ಬುಧವಾರ

ಮೈ ಡಿಯರ್ ಗುಬ್ಬಿ,

ಫೋನು ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಾದರೆ ‘ಬೇಗ ಹೇಳಪ್ಪಾ’ ಅನ್ನುತ್ತೀಯ. ಇದು ಬೇಗ ಹೇಳುವಂಥದ್ದಲ್ಲ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಪತ್ರವನ್ನು ‘ಐ ಆ್ಯಮ್ ಕ್ವೈಟ್ ವೆಲ್ ಹಿಯರ್’ ಅಂತ ಶುರುಮಾಡಿಸುತ್ತಿದ್ದರು. ಮುಂದಿನದು ಮರೆತಿದೆ. ವೆಲ್ ಅಂತೂ ಇಲ್ಲ.

ಯಾರೋ ನಿನ್ನ ಹೆಸರಿನಲ್ಲಿ ಸಿಮ್ ತೆಗೆದುಕೊಂಡು, ನೀನೇ ಆಗಿ ನಿನ್ನ ಬ್ಯಾಂಕ್ ಖಾತೆಯೊಳಗೆ ಹೊಕ್ಕರಲ್ಲ, ಅದು ನಿನ್ನ ರೂಮಿನ ಗೆಳತಿಯದೇ ಕೆಲಸ ಅಂತ ನೀನು ಶನಿವಾರ ಹೇಳಿದೆ. ಬಾಡಿಗೆ ಕರಾರಿಗೆಂದು ನಿನ್ನ ಗುರುತಿನ ಚೀಟಿ ಅವಳ ಕೈಗೆ ಹೋಗಿತ್ತಂತೆ. ಈ ಭಾನುವಾರದೊಳಗೆ ರೂಮು ಖಾಲಿ ಮಾಡು ಅಂತ ಅವಳಿಗೆ ಹೇಳಿದ್ದೀಯ. ನಾನು ಬರೀ ‘ಹೂಂ’ ಅಂದೆ.

ಅಮ್ಮ ಹೋದಾಗ ಪೇಪರಿನಲ್ಲಿ ಶ್ರದ್ಧಾಂಜಲಿಯ ಫೋಟೋ ಹಾಕಿಸಿ, ಕೆಳಗೆ ನಿನ್ನ ಹೆಸರು, ನನ್ನ ನಂಬರು ಕೊಟ್ಟಿದ್ದೆ. ತಿಂಗಳಾದ ಮೇಲೆ ಒಬ್ಬಳು ಕರೆ ಮಾಡಿದಳು. ‘ಆಸ್ಪತ್ರೆಯಿಂದ ಅಂಕಲ್, ಆಂಟಿ ಫೈಲು ಮುಗಿಸ್ಬೇಕಿತ್ತು. ಊಟ ಆಯ್ತಾ?’ ಎಂದಳು. ಆಮೇಲೆ ದಿನವೂ ಹತ್ತು ನಿಮಿಷ. ಅಮ್ಮ ಹುಟ್ಟಿದ ದಿನ, ಅವಳ ತವರಿನ ಹೆಸರು, ನಿನ್ನ ಮೊದಲ ಶಾಲೆ, ಮನೆಯಲ್ಲಿ ನಿನ್ನನ್ನು ಗುಬ್ಬಿ ಅನ್ನುವುದು, ಎಲ್ಲ ಹೇಳಿದೆ. ಅವಳು ಕೇಳಿದ್ದು ಕಡಿಮೆ, ನಾನು ಸುರಿದದ್ದೇ ಹೆಚ್ಚು. ಅಮ್ಮನ ಬಗ್ಗೆ ಕೇಳುವವರು ಬೇರೆ ಯಾರಿದ್ದರು ಹೇಳು? ಕೊನೆಗೆ ‘ಮಗಳ ಗುರುತಿನ ಚೀಟಿದೊಂದು ಫೋಟೋ ಕಳಿಸ್ಬಿಡಿ, ಫೈಲು ಕ್ಲೋಸ್’ ಎಂದಳು. ಕಳಿಸಿದೆ. ಮೂವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣು ನೋಡಿದವನಿಗೆ ಇಷ್ಟು ಕಾಣಲಿಲ್ಲ.

ಸೋಮವಾರ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ‘ಆ ಫೈಲು ಆವತ್ತೇ ಮುಗೀತಲ್ಲ ಯಜಮಾನ್ರೇ, ನಮ್ಮಿಂದ ಯಾರೂ ಫೋನ್ ಮಾಡಿಲ್ಲ’ ಅಂದರು. ನಿನಗೆ ಅಂದೇ ಹೇಳಬಹುದಿತ್ತು. ಪೆನ್ನು ಸಿಗಲಿಲ್ಲ ಅಂತ ಎರಡು ದಿನ ನನಗೆ ನಾನೇ ನೆಪ ಹೇಳಿಕೊಂಡೆ.

ನಿನ್ನ ರೂಮಿನ ಹುಡುಗಿಯ ಕೈಲಿ ಗಂಟುಮೂಟೆ ಕಟ್ಟಿಸಬೇಡ, ತಾಯಿ. ನಾನು ಪೊಲೀಸ್ ಠಾಣೆಯಲ್ಲಿ ಬರೆದುಕೊಟ್ಟ ಹೇಳಿಕೆಯ ನಕಲು ಇದರ ಜೊತೆಗಿದೆ. ಅವಳಿಗೆ ಓದಲು ಕೊಡು. ಕ್ಷಮೆ ಕೇಳುವುದು ಕಷ್ಟವಾದರೆ, ನಮ್ಮಪ್ಪನಿಗೆ ಬುದ್ಧಿ ನೆಟ್ಟಗಿಲ್ಲ ಅನ್ನು, ನನಗೇನೂ ಬೇಜಾರಿಲ್ಲ.

ಯುವರ್ಸ್ ಒಬೀಡಿಯೆಂಟ್ಲಿ,
ಅಪ್ಪ

ತಾ.ಕ.: ಇವತ್ತು ಬೆಳಿಗ್ಗೆ ಆ ಫೈಲಿನವಳು ಮತ್ತೆ ಕರೆ ಮಾಡಿದ್ದಳು. ‘ಮನೇಲಿ ಒಬ್ರೇನಾ ಅಂಕಲ್?’ ಅಂತ ಕೇಳಿದಳು. ‘ಇಲ್ಲಮ್ಮ, ನಮ್ಮನೆಯವ್ಳು ಪಕ್ಕದಲ್ಲೇ ಕೂತಿದಾಳೆ, ಫೋನಿಡಿ ಅಂತ ಬೈತಿದಾಳೆ’ ಅಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ತುಂಬಾ ಹೊತ್ತು ಪಕ್ಕಕ್ಕೆ ತಿರುಗಲಿಲ್ಲ.