ಗೋಪುರ ಹತ್ತದ ಬೀಗಿತ್ತಿ

ಬೊಲೋನ್ಯಾ
೫ ಜುಲೈ ೨೦೧೦

ಮುದ್ದು ಫಿಯಮ್ಮೆತ್ತಾ,

ಎಂಟು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೆ ಫೋನಿನಂತೆ ಮಧ್ಯದಲ್ಲಿ ಕುಕ್ಕಿಬಿಡಲು ಬರುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಹರಿದುಹಾಕಲು ಬರುತ್ತದೆ, ಗೊತ್ತು. ಕೊನೆಯವರೆಗೆ ಓದಿ ಆಮೇಲೆ ಹರಿ.

"ಮದುವೆಗೆ ನೀನು ಬರೋದು ಬೇಡ" ಎಂದು ನೀನು ಕಳಿಸಿದ ಸಂದೇಶವನ್ನು ಆರ್ಜಿಯಾಗೆ ತೋರಿಸಿದೆ. ಮೂವತ್ತು ವರ್ಷದಿಂದ ನಮ್ಮಂಗಡಿಯಲ್ಲಿ ಹಿಟ್ಟು ಲಟ್ಟಿಸುತ್ತಿರುವವಳು, ನನ್ನ ಪರವಾಗಿ ಒಂದು ಮಾತಾಡಿಯಾಳು ಎಂದುಕೊಂಡಿದ್ದೆ. ಅವಳು ತೊರ್ತೆಲ್ಲೀನಿ ಕಡುಬು ಮಡಚುವ ಕೈ ನಿಲ್ಲಿಸದೆ, "ಹುಡುಗಿ ಸರಿಯಾಗೇ ಬರೆದವ್ಳೆ ಬಿಡಿ. ಬೀಗಿತ್ತಿ ಎದುರಿಗೆ ಆಡೋ ಮಾತಾ ಅದು?" ಎಂದಳು.

ಅಲ್ಲ, ಒಪ್ಪುತ್ತೇನೆ. ನಿನ್ನ ಕೊರ್ರಾದೋನ ತಾಯಿ ಎರ್ಸಿಲಿಯಾ ಅವರು ಪಾರ್ಮಾದಿಂದ ನನ್ನನ್ನು ನೋಡಲೆಂದೇ ಬಂದಿದ್ದರು. ಅಸಿನೆಲ್ಲಿ ಗೋಪುರದ ಬುಡದಲ್ಲಿ ನನ್ನ ತೋಳು ಹಿಡಿದು, "ಬನ್ನಿ ಯೊಲಾಂಡಾ, ಸಂಬಂಧಿಕರಾಗೋರು ನಾವು, ಜೊತೇಲಿ ಹತ್ತೋಣ" ಎಂದರು. ನಾನು ಮಂಡಿನೋವು ಎಂದೆ. "ನಿನ್ನೆ ತಾನೇ ಇಪ್ಪತ್ತೈದು ಕಿಲೋ ಹಿಟ್ಟಿನ ಮೂಟೆ ಹೊತ್ಕೊಂಡು ಓಡಾಡ್ತಿದ್ದೆಯಲ್ಲಮ್ಮಾ!" ಎಂದು ನೀನು ಮಾನ ತೆಗೆದೆ. ನಾನು ತಲೆಸುತ್ತು ಎಂದೆ. "ಹೆಂಚು ಸರಿಮಾಡೋಕೆ ಏಣಿ ಹತ್ತಿದಾಗ ಎಲ್ಲಿತ್ತು ಅದು?" ಎಂದು ನೀನು ಬಿಡಲಿಲ್ಲ. ಆಗ ಎರ್ಸಿಲಿಯಾ ಅವರು ನಗುತ್ತಲೇ, "ಹೋಗ್ಲಿ ಬಿಡಮ್ಮಾ, ನಿಮ್ಮಮ್ಮಂಗೆ ಪಾರ್ಮಾದೋರ ಜೊತೆ ಹತ್ತೋಕೆ ಮನಸ್ಸಿಲ್ವೇನೋ" ಎಂದರು.

ನಾನೂ ನಕ್ಕು ಸುಮ್ಮನಾಗಬಹುದಿತ್ತು. ಗಿರಾಕಿಗಳಿಗೆ ಎದುರುತ್ತರ ಕೊಟ್ಟೇ ಅಂಗಡಿ ಕಟ್ಟಿದ ನಾಲಗೆ ಇದು, ಸುಮ್ಮನಿರಬೇಕಲ್ಲ! "ಮೇಲೇನಿದೆ ನೋಡೋಕೆ? ಮೋಡ ಇಲ್ದಿದ್ರೆ ಪಾರ್ಮಾ ಕಾಣುತ್ತೆ, ಅಷ್ಟೇ" ಎಂದುಬಿಟ್ಟೆ. ನೀನು, ಕೊರ್ರಾದೋ, ಅವನ ತಾಯಿ, ಮೂವರೂ ನನ್ನತ್ತ ಬೆನ್ನು ತಿರುಗಿಸಿ ನಾಲ್ಕುನೂರ ತೊಂಬತ್ತೆಂಟು ಮೆಟ್ಟಿಲು ಹತ್ತಿದಿರಿ. ನಾನು ಕಳ್ಳಿಯಂತೆ ಅಂಗಡಿಗೆ ಓಡಿದೆ.

ಈಗ ಕಾರಣ ಕೇಳು. ನೀನು ಇದೇ ಊರಿನಲ್ಲಿ ಹುಟ್ಟಿದವಳು. ಆ ಗೋಪುರ ಹತ್ತಲು ಇಲ್ಲಿ ಹೆದರುವವರು ಯಾರು? ಪದವಿ ಮುಗಿಯದವರು. ಮುಗಿಯುವ ಮೊದಲು ಹತ್ತಿದರೆ ಪದವಿ ಕೈಗೆ ಬರುವುದಿಲ್ಲ. ಓದುತ್ತಿದ್ದಷ್ಟು ವರ್ಷ ನೀನೂ ಅದರ ಬಾಗಿಲ ಕಡೆ ತಿರುಗಿ ನೋಡಲಿಲ್ಲ.

ಹೌದು, ನಿನ್ನಮ್ಮನೇ. ಈ ಐವತ್ತನಾಲ್ಕನೇ ವಯಸ್ಸಿನಲ್ಲಿ. ಆರು ವರ್ಷದ ಹಿಂದೆ, ಜೀವನದಲ್ಲಿ ಮೊದಲ ಸಲ, ವಿಶ್ವವಿದ್ಯಾಲಯದ ಹೊಸ್ತಿಲು ತುಳಿದು ಇತಿಹಾಸಕ್ಕೆ ಹೆಸರು ಬರೆಸಿದೆ. ಮಂಗಳವಾರ, ಗುರುವಾರ ಮಧ್ಯಾಹ್ನ ತುಟಿಗೆ ಬಣ್ಣ ಹಚ್ಚಿ ಹೊರಡುತ್ತಿದ್ದದ್ದು ಅಲ್ಲಿಗೇ. "ನಿಮಗ್ಯಾರೋ ಸಿಕ್ಕವ್ರೆ ಅಂತ ಬೀದಿಯೆಲ್ಲ ಆಡ್ಕೋತಿದೆ" ಎಂದು ಆರ್ಜಿಯಾ ಹೇಳಿದಾಗ, ಆಡಿಕೊಳ್ಳಲಿ, ಈ ವಯಸ್ಸಿಗೆ ಅದೂ ಒಂದು ಮರ್ಯಾದೆಯೇ ಎಂದೆ. ನನ್ನ ಪ್ರೊಫೆಸರ್ ನಿನಗಿಂತ ಚಿಕ್ಕವನು. ಪಾಠ ಮುಗಿದ ಮೇಲೆ, ಕೋಳಿಸಾರು ಎಷ್ಟು ಹೊತ್ತು ಕುದಿಸಬೇಕು ಎಂದು ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಾನೆ.

ಪ್ರಬಂಧ ನಮ್ಮ ಬೀದಿಗಳ ಕಮಾನಿನ ಪಡಸಾಲೆಗಳ ಮೇಲೆ. ಏಳುನೂರು ವರ್ಷದ ಹಿಂದೆ, ಕುದುರೆಯ ಮೇಲೆ ಕುಳಿತವನ ತಲೆ ತಾಗದಷ್ಟು ಎತ್ತರಕ್ಕೆ ಕಟ್ಟಿ ಎಂದು ಊರು ಕಟ್ಟಳೆ ಮಾಡಿತು. ಕುದುರೆಯವನಿಗೆ ಅಷ್ಟು ಉಪಚಾರ. ಕೆಳಗೆ ಮೇಜು ಹಾಕಿಕೊಂಡ ಅಂಗಡಿಯವರಿಗೆ ಗದರಿಕೆ. ಕೊನೆಯ ಅಧ್ಯಾಯ ಬರೆಯುತ್ತಿದ್ದಾಗಲೇ ನಗರಸಭೆಯವನು ಬಂದು, "ಅಮ್ಮಾ, ಮೇಜು ಒಳಗೆ ತಗೊಳ್ಳಿ" ಎಂದ. "ಇರಪ್ಪಾ, ನಿನ್ನನ್ನೇ ಬರೀತಿದೀನಿ" ಎಂದೆ.

ನಿನಗೇಕೆ ಹೇಳಲಿಲ್ಲ? ಲ್ಯಾಟಿನ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮಗಳು ಫೇಲಾದರೆ ಅಮ್ಮ ಸಮಾಧಾನ ಮಾಡಬಹುದು. ಅಮ್ಮ ಫೇಲಾಗಿ ಮಗಳು ಸಮಾಧಾನ ಮಾಡುವುದನ್ನು ನಾನು ತಡೆಯಲಾರೆ.

ಇವತ್ತು ಬೆಳಿಗ್ಗೆ ಎರ್ಸಿಲಿಯಾ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಬಿಕ್ಕಳಿಕೆ ಬರುವಷ್ಟು ನಕ್ಕರು. "ಮೂವತ್ತೈದು ವರ್ಷ ಲ್ಯಾಟಿನ್ ಕಲಿಸಿದೋಳು ಕಣ್ರೀ ನಾನು, ಒಂದು ಮಾತು ಹೇಳಬಾರದಿತ್ತಾ? ಪದವಿ ದಿನ ತಲೆಗೆ ಹಾಕೋ ಲಾರೆಲ್ ಎಲೆ ಕಿರೀಟ ನಾನೇ ತರ್ತೀನಿ. ಪಾರ್ಮಾದ ಎಲೆ, ನಿಮ್ಮೂರಿನದಕ್ಕಿಂತ ವಾಸಿ!" ಎಂದರು. ಉತ್ತರ ನಾಲಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ನಾನು ಎಷ್ಟು ಬದಲಾಗಿದ್ದೇನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮುಂದಿನ ಗುರುವಾರ, ಹದಿನೈದಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ. ನಿನ್ನ ತೂರಿನ್‌ನಿಂದ ಬೆಳಗಿನ ರೈಲಿಗೆ ಹೊರಟರೆ ಸಾಕು. ಮದುವೆಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ಇದಕ್ಕೆ ಮಾತ್ರ ಬಾ ಮಗಳೇ. ನೀನು ಎದುರಿಗೆ ಕುಳಿತಿರದಿದ್ದರೆ ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ.

ನಿನ್ನ ಬಾಯಿಬಡುಕಿ ಅಮ್ಮ,
ಯೊಲಾಂಡಾ

ತಾ.ಕ.: "ಮೊದಲ ಸಲ" ಎಂದು ಮೇಲೆ ಬರೆದದ್ದು ಸುಳ್ಳು. ಹತ್ತೊಂಬತ್ತಕ್ಕೇ ಒಮ್ಮೆ ಸೇರಿದ್ದೆ. ಆ ಏಪ್ರಿಲ್‌ನಲ್ಲಿ ನಿನ್ನಪ್ಪ, "ಎಲ್ಲಾ ಮೂಢನಂಬಿಕೆ ಕಣೇ, ಬಾ" ಎಂದು ಗೋಪುರ ಹತ್ತಿಸಿದ. ಮೇಲೆ ಗಾಳಿ ಜೋರಾಗಿತ್ತು, ಬೇರೆ ಯಾರೂ ಇರಲಿಲ್ಲ. ಬೇಸಿಗೆಗೆ ಓದು ಬಿಟ್ಟೆ. ಜನವರಿಯಲ್ಲಿ ನೀನು ಹುಟ್ಟಿದೆ. ಗೋಪುರದ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೂ ಗುರುವಾರ ಹನ್ನೊಂದು ಗಂಟೆಯವರೆಗೆ ಅದರ ನೆರಳನ್ನೂ ತುಳಿಯುವುದಿಲ್ಲ.