ಭಾವ ಒಪ್ಪಿದ ಜಾಮೀನು

ಜೂನ್ ೧೪, ಶನಿವಾರ. ಖಾಲಿದಿಯಾ.

ಸಾಲದ ವಿಷಯ ಮುಗಿಯಿತು. ಮುಗಿಸಿದ್ದು ನಾನಲ್ಲ.

ಮಗಳು ಸ್ಟೇಸಿಗೆ ಕೆನಡಾದ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗಿನಿಂದ ಇದೇ ತಲೆಬಿಸಿ. ಮಂಗಳೂರಿನ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಆದರೆ ನಮ್ಮ ಹಾಗೆ ಗಲ್ಫಿನಲ್ಲಿರುವವರು ಆಗದು, ಊರಿನಲ್ಲಿರುವವರು ಯಾರಾದರೂ ಜಾಮೀನು ನಿಲ್ಲಬೇಕು. ಇನ್ನೊಂದು ಆನ್‌ಲೈನ್ ಕಂಪನಿ. ಅದಕ್ಕೆ ಜಾಮೀನು ಬೇಡ, ಬಡ್ಡಿ ಜಾಸ್ತಿ, ಸಾಲವೆಲ್ಲ ಹುಡುಗಿಯ ತಲೆಯ ಮೇಲೆ.

ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಧೈರ್ಯ ಮಾಡಿ ನನ್ನ ಗಂಡ ಕ್ಲೈವಿನ ಅಣ್ಣನಿಗೆ ಫೋನ್ ಮಾಡಿದೆ. ಕ್ಲೈವ್ ತೀರಿಹೋದ ಮೇಲೆ ಆ ಮನೆಯವರ ಹತ್ತಿರ ನಾನು ಏನನ್ನೂ ಕೇಳಿದವಳಲ್ಲ. "ಮನೆಯಲ್ಲಿ ಒಂದು ಮಾತು ಕೇಳಿ ಹೇಳ್ತೇನೆ ಮಾರ್ಟಿನಾ" ಎಂದರು. ಇಲ್ಲ ಅನ್ನುವ ರೀತಿ ಅದು ಎಂದುಕೊಂಡೆ. ಮಧ್ಯಾಹ್ನ ಭಾವನೇ ಫೋನ್ ಮಾಡಿದರು.

"ನಾನು ಸೈನ್ ಹಾಕ್ತೇನೆ. ಕ್ಲೈವಿನ ಮಗಳಲ್ವಾ ಅವಳು?"

ಆಸ್ಪತ್ರೆಯಲ್ಲಿ ಬೆಡ್‌ಶೀಟು ಇಡುವ ಲಿನನ್ ರೂಮಿಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಮನೆಗೆ ಬಂದು ಹೇಳಿದರೆ ಸ್ಟೇಸಿ ಮುಖ ತಗ್ಗಿಸಿದಳು. "ಮಮ್ಮಾ, ಐ ಸೈನ್ಡ್ ವಿತ್ ದಿ ಅದರ್ ಒನ್. ನಿನ್ನೆಯೇ. ನೀನು ಅವರ ಹತ್ರ ಬೇಡೋದು ನಂಗೆ ಇಷ್ಟ ಇಲ್ಲ."

ನನ್ನ ಮೇಲಿನ ಪ್ರೀತಿಯಿಂದಲೇ ಮಾಡಿದ್ದಾಳೆ. ಒಳ್ಳೆಯದಾಯಿತು ಎಂದೆ, ಊಟ ಬಡಿಸಿದೆ.

ಭಾವನಿಗೆ ಇನ್ನೂ ತಿಳಿಸಿಲ್ಲ. ನಾಳೆ ಇಗರ್ಜಿಯಿಂದ ಬಂದು ಫೋನ್ ಮಾಡಬೇಕು. ಸಹಿ ಬೇಡವಾಯಿತು ಎಂದು ಹೇಳಬಹುದು. ಆದರೆ ಮಧ್ಯಾಹ್ನದಿಂದ ಸಂಜೆಯ ತನಕ ಈ ಲೋಕದಲ್ಲಿ ನಾವು ಇಬ್ಬರೇ ಅಲ್ಲ ಅನಿಸಿತ್ತು ಎಂಬುದನ್ನು ಯಾರಿಗೆ ಹೇಳಲಿ?