ತುದಿಯಲ್ಲಿಲ್ಲದ ಬೇವಿನ ಮರ

ರೀ,

ನೀವು ಹೋದ ಮೇಲೆ ಮೊದಲ ಸಲ, ಸೋಮವಾರ ನಮ್ಮ ಹೋಟೆಲಿಗೆ ರಜೆ ಹಾಕಿ, ಒಬ್ಬಳೇ ಬಸ್ಸು ಹಿಡಿದು ಈಡರಿನ ಬಂಡೆಗಳ ಬೆಟ್ಟಕ್ಕೆ ಹೋಗಿದ್ದೆ. ಪ್ರತಿವರ್ಷ ನೀವು ಕರೆಯುತ್ತಿದ್ದಿರಿ; ನಾನು ನಾಳೆಯ ದೋಸೆಗೆ ರುಬ್ಬಬೇಕೆಂದು ಹಿತ್ತಾಳೆ ಡಬ್ಬಿಯಲ್ಲಿ ಮೊಸರನ್ನ ಕೊಟ್ಟು ಕಳಿಸುತ್ತಿದ್ದೆ. ನಿಮ್ಮಂತೆ ತುದಿಯವರೆಗೆ ಹತ್ತಲಾರೆನೆಂಬ ಹೆದರಿಕೆಯನ್ನು ಮಾತ್ರ ಹೇಳಿರಲಿಲ್ಲ.

ಬೆಟ್ಟದ ಬುಡದಲ್ಲಿ ಚಹಾ ಮಾರುವ ಮುದುಕಿ ನನ್ನ ಕೈಯಲ್ಲಿದ್ದ ಅದೇ ಡಬ್ಬಿಯ ಗುರುತು ಹಿಡಿದಳು. "ಈ ಡಬ್ಬಿ ತರ್ತಿದ್ದ ಕಾಕಾ ಹತ್ತುತ್ತಲೇ ಇರ್ಲಿಲ್ಲ ಬೆಹೆನ್. ಮಂಡಿ ನೋವು. ಸಂಜೆವರೆಗೂ ಇಲ್ಲೇ ಕೂತಿರ್ತಿದ್ರು" ಎಂದಳು. ಮನಸ್ಸು ಎಷ್ಟು ಹಗುರವಾಯಿತೆಂದರೆ, ನಗುತ್ತಲೇ ಹತ್ತಿಬಿಟ್ಟೆ.

ತುದಿಯಲ್ಲಿದೆಯೆಂದು ನೀವು ವರ್ಣಿಸುತ್ತಿದ್ದ ಒಂಟಿ ಬೇವಿನ ಮರ ಅಲ್ಲಿಲ್ಲ. ಅದು ಕೆಳಗೆ, ಮುದುಕಿಯ ಅಂಗಡಿಯ ಪಕ್ಕದಲ್ಲಿದೆ. ಇಳಿದು ಬಂದು ಅದರ ನೆರಳಿನಲ್ಲಿ ಡಬ್ಬಿ ಬಿಚ್ಚಿದೆ. ಇಬ್ಬರು ಆರಾಮಾಗಿ ಕೂರುವಷ್ಟು ಜಾಗವಿದೆ.